ಮೀನಿನ ಕುಬಸ

ನಿನ್ನೆ ನಿಗಡಿಯ ರಸ್ತೆಬದಿಯಲ್ಲಿ ಕಾಡುಬಾದಾಮಿಯ ಒಣ ಎಲೆಗಳು ಮೊದಲ ಮಳೆಗೆ ನೆನೆದು ಬಿದ್ದಿದ್ದವು. ಹಾಲಿಲ್ಲದ ಚಹಾದಂಥ, ಸ್ವಲ್ಪ ಒಗರಾದ ವಾಸನೆ. ಒಂದೆರಡು ಎಲೆ ಆರಿಸಿ ಚೀಲಕ್ಕೆ ಹಾಕಿಕೊಂಡಾಗಲೇ ಎದುರುಮನೆಯ ಕಾಕು ನೆನಪಾದರು. ಅಥವಾ ಅವರು ಮೊದಲೇ ನೆನಪಾಗಿದ್ದರಿಂದ ಎಲೆ ಆರಿಸಿದೆನೋ... ಓದಿದ್ದು ಸಂಖ್ಯಾಶಾಸ್ತ್ರ. ಯಾವುದರಿಂದ ಯಾವುದಾಯಿತು ಎಂದು ಕೇಳಿಕೊಳ್ಳುವ ಚಾಳಿ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆಗ ನಾನು ಕೆಲಸ, ಕೋಣೆ ಎರಡನ್ನೂ ಪದೇ ಪದೇ ಬದಲಿಸುತ್ತಿದ್ದ ಕಾಲ. ತುಮಕೂರಿನಿಂದ ಪುಣೆಗೆ ಬಂದು, ನಿಗಡಿಯ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಸೇರಿದ್ದೆ. ಎದುರು ಬಾಗಿಲು ಅವರದು. ಕಲಬುರಗಿ ಕಡೆಯವರು, ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾಗಿದ್ದರು. ಮೊದಲ ದಿನ "ಆಂಟಿ" ಎಂದೆ.

"ಆಂಟಿ ಗೀಂಟಿ ಬ್ಯಾಡೋ ತಮ್ಮಾ. ಕಾಕು ಅನ್ನು. ಇಲ್ಲಿ ಮರಾಠಿ ಮಂದಿನೂ ಹಂಗೇ ಅಂತಾರ, ನಮ್ಮೋರೂ ಹಂಗೇ ಅಂತಾರ."

ಅವರ ನಡುಮನೆಯಲ್ಲಿ ದೂರದರ್ಶನ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿಯಿತ್ತು. ಅದರ ತಳದ ಮರಳಿನಲ್ಲಿ ಮೂತಿಯಿಟ್ಟು ಕೆದಕುತ್ತ ಓಡಾಡುವ, ಕಂಚಿನ ಬಣ್ಣದ, ಮೀಸೆಯುಳ್ಳ ಪುಟ್ಟ ಮೀನುಗಳು. ಕೋರಿಡೋರಾಸ್ ಎಂದು ಅವುಗಳ ಹೆಸರು. ಕಾಕು ಅವನ್ನು ಮೀಸಿಗೋಳು ಎನ್ನುತ್ತಿದ್ದರು. ಅವರ ಗಂಡ, ಸತ್ತುಹೋದ ಕಾಕಾ, ಕೊಂಡು ತಂದಿದ್ದಂತೆ. ಎಷ್ಟೋ ವರ್ಷ ಸಾಕಿದರೂ ಒಂದು ಮರಿಯೂ ಆಗಿರಲಿಲ್ಲ. ಮನೆಯಲ್ಲಿ ಅವು ಮರಿ ಮಾಡುವುದಿಲ್ಲ ಎಂದು ಮೀನಿನ ಅಂಗಡಿಯವನೂ ಹೇಳಿಬಿಟ್ಟಿದ್ದ.

ಆ ಬೇಸಿಗೆಯಲ್ಲಿ ಕಟ್ಟಡ ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಮಳೆಗಾಲ ಬಲಿಯುವುದರೊಳಗೆ ಎಲ್ಲರೂ ಖಾಲಿ ಮಾಡಬೇಕಿತ್ತು. ಕಾಕು ಕಲಬುರಗಿಯ ತಂಗಿಯ ಮನೆಗೆ ಹೊರಡುವವರಿದ್ದರು. ಒಂದು ಸಂಜೆ ಮೀನಿಗೆ ಹುಳುವಿನ ಚೂರು ಹಾಕುತ್ತ, ನನ್ನ ಕಡೆ ನೋಡದೆ ಅಂದರು: "ಊರ ಮಂದಿದೆಲ್ಲಾ ಹೆರಿಗಿ ಮಾಡಿಸಿ ಬಂದೆ. ಈ ಮನ್ಯಾಗ ಒಂದೂ ಆಗ್ಲಿಲ್ಲ ನೋಡು. ಕೆಡವೋದ್ರೊಳಗ ಒಂದರೆ ಆಗಬೇಕು." ಮಾತು ಮುಗಿಸಿ ನಕ್ಕರು. ನನಗೆ ನಗಲು ಆಗಲಿಲ್ಲ.

ಅಂದಿನಿಂದ ಆ ಕೆಲಸ ನನ್ನದೂ ಆಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. ಈ ಮೀನುಗಳ ತವರಿನಲ್ಲಿ ಮಳೆ ಬಂದು ನೀರು ತಣ್ಣಗಾದಾಗ ಅವು ಮೊಟ್ಟೆಯಿಡುತ್ತವಂತೆ. ಹಾಗಾದರೆ ನಾವೇ ಮಳೆ ಸುರಿಸಿದರಾಯಿತು. ಪುಣೆಯ ಸುಡುಬೇಸಿಗೆಯಲ್ಲಿ ಕಾಕು ಮಣ್ಣಿನ ಮಡಕೆಯಲ್ಲಿ ನೀರಿಟ್ಟು ತಣ್ಣಗೆ ಮಾಡಿದರು. ತೊಟ್ಟಿಯ ಹಳೆ ನೀರು ಒಂದಿಷ್ಟು ತೆಗೆದು, ಚಹಾ ಸೋಸುವ ಜರಡಿಯಿಂದ ಮಡಕೆಯ ನೀರನ್ನು ಹನಿಹನಿಯಾಗಿ ಬಿಟ್ಟರು. "ಮಳಿ ಬಂತು, ಏಳ್ರಿ, ಏಳ್ರೇ!" ಎಂದು ಗಾಜು ತಟ್ಟುತ್ತಿದ್ದರು.

ಕೆಲವು ದಿನಗಳಲ್ಲಿ ಗಾಜಿಗೆ ಸಾಬೂದಾನಿಯಂಥ ಮೊಟ್ಟೆಗಳು ಅಂಟಿಕೊಂಡಿದ್ದವು! ನಾನು ಕುಣಿದೇಬಿಟ್ಟೆ. ಆದರೆ ಮೊಟ್ಟೆಗಳನ್ನು ಬೇರೆ ಪಾತ್ರೆಗೆ ತೆಗೆಯಬೇಕು ಎಂದಾಗ ಕಾಕು ಕೈ ಅಡ್ಡ ಹಿಡಿದರು.

"ತೆಗೀದಿದ್ರೆ ತಾಯಿನೇ ತಿಂದ್ಬಿಡುತ್ತೆ ಕಾಕು."

"ಹುಚ್ಚಪ್ಪಾ, ಹಡೆದಾಕಿ ಮಗ್ಗಲದಾಗಿನ ಕೂಸು ಯಾರರೆ ಎತ್ತತಾರೇನು? ನಮ್ಮ ವಾರ್ಡಿನಾಗ ಡಾಕ್ಟರ್ ಬಂದು ಹೇಳಿದ್ರೂ ನಾ ಎತ್ತಗೊಡ್ತಿದ್ದಿಲ್ಲ."

ಬೆಳಿಗ್ಗೆ ಹೋಗಿ ನೋಡಿದರೆ ಗಾಜು ಬೋಳಾಗಿತ್ತು. ಮೀನುಗಳು ಹೊಟ್ಟೆ ತುಂಬಿ ನೆಮ್ಮದಿಯಾಗಿ ಮರಳು ಕೆದಕುತ್ತಿದ್ದವು. ಕಾಕು ಆ ದಿನ ಬಾಗಿಲು ತೆರೆಯಲಿಲ್ಲ... ತೆರೆದಿದ್ದರೇನೋ, ತೆರೆಯಲಿಲ್ಲವೆಂದೇ ನನಗೆ ನೆನಪು. ಮರುದಿನ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಬಾಗಿಲಿಗೆ ಬಂದರು. "ತಪ್ಪು ನಂದೇ. ಶಾಸ್ತ್ರ ಮಾಡ್ಲಿಲ್ಲ. ಕುಬಸ ಮಾಡಬೇಕು."

ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟು ಆರತಿ ಎತ್ತುವ ಶಾಸ್ತ್ರಕ್ಕೆ ಅವರ ಕಡೆ ಕುಬಸ ಎನ್ನುತ್ತಾರೆ. ಮೀನಿಗೆ ಕುಬಸ! ಕಟ್ಟಡದ ಹೆಂಗಸರೆಲ್ಲ ಬಂದರು. ಮರಾಠಿಯವರು ತಮ್ಮ ಹಾಡು ಹಾಡಿದರು, ಪಕ್ಕದಲ್ಲಿ ಕಟ್ಟಡ ಕೆಲಸಕ್ಕೆ ಬಂದಿದ್ದ ಯಾದಗಿರಿಯ ಇಬ್ಬರು ಹೆಂಗಸರು ತಮ್ಮದು ಹಾಡಿದರು. ತೊಟ್ಟಿಗೆ ಹಸಿರು ರವಿಕೆಕಣ ಹೊದಿಸಿ, ಮೇಲೆ ಬಳೆ ಇಟ್ಟರು. "ಬಸುರಿ ಯಾವಾಕಿ?" ಎಂದು ಯಾರೋ ಕೇಳಿದರು. "ಆ ದಪ್ಪಾಕಿ. ಉಳಿದಾವು ಆಕಿ ಗಂಡಂದ್ರು," ಎಂದರು ಕಾಕು. ಗೋಡೆ ಅದುರುವಂಥ ನಗು. ನಾನು ಕೈಕಟ್ಟಿ ಬಾಗಿಲಿಗೆ ಒರಗಿ ನಿಂತು, ಇದಕ್ಕೂ ಮೊಟ್ಟೆಗೂ ಏನು ಸಂಬಂಧ ಎಂದು ಮನಸ್ಸಿನಲ್ಲೇ ವಾದ ಹೂಡಿದ್ದೆ.

ಅದಾದ ಮೇಲೆ ಮತ್ತೆ ಮಡಕೆಯ ಮಳೆ. ಆ ಸಂಜೆ ಹೊರಗೂ ಗುಡುಗಿತು ಎಂದು ನೆನಪಿದೆ, ಆದರೆ ಗುಡುಗನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಮೊಟ್ಟೆಯಿಟ್ಟದ್ದು ತಣ್ಣೀರಿಗೋ, ಮೋಡಕ್ಕೋ, ಹಾಡಿಗೋ? ಮೂರೂ ಒಟ್ಟಿಗೇ ಆದ ಮೇಲೆ ಯಾವ ಶಾಸ್ತ್ರವೂ ಉತ್ತರ ಹೇಳಲಾರದು. ನಾವಿಬ್ಬರೂ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆವು. ದಪ್ಪ ಮೀನು ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಜೋಡಿಸಿ, ಅದರಲ್ಲಿ ಮೊಟ್ಟೆ ಹಿಡಿದು ಮೇಲೇರಿತು.

"ನೋಡೋ! ಉಡಿ ತುಂಬಕೊಂಡು ಹೊಂಟಾಳ!" ಕಾಕು ನನ್ನ ಭುಜ ಹಿಂಡಿಬಿಟ್ಟರು.

ಉಡಿಯಲ್ಲಿದ್ದುದನ್ನು ಅದು ಗಾಜಿಗೆ ಅಂಟಿಸಿ ಮತ್ತೆ ಕೆಳಗಿಳಿಯಿತು. ಈಗ ಎತ್ತಲೇಬೇಕಿತ್ತು. ಕಾಕು ಅಲುಗಲಿಲ್ಲ. ನನಗೆ ಅದು ಹೇಗೆ ಹೊಳೆಯಿತೋ.

"ಕಾಕು, ದಿನ ತುಂಬದೆ ಹುಟ್ಟಿದ ಮಕ್ಕಳನ್ನ ಏನ್ ಮಾಡ್ತಿದ್ರಿ?"

"ಕಾಜಿನ ಪೆಟ್ಟಿಗ್ಯಾಗ ಬೆಚ್ಚಗ ಇಡತಿದ್ವಿ."

"ತಾಯಿ ಹತ್ರ ಯಾಕೆ ಇಡ್ತಿರ್ಲಿಲ್ಲ?"

"ಬದುಕಲಿ ಅಂತ..." ಎಂದವರು ನನ್ನ ಮುಖ ನೋಡಿದರು. "ಭಾಳ ಶಾಣ್ಯಾ ಆಗಿದಿ ನೀ."

ಕೈಯನ್ನು ಮೊಣಕೈವರೆಗೂ ತೊಳೆದುಕೊಂಡು ಬಂದರು. ಒಂದೊಂದೇ ಮೊಟ್ಟೆಯನ್ನು ಬೆರಳ ತುದಿಯಲ್ಲಿ ಉರುಳಿಸಿ ಬಿಡಿಸಿ, ಬಾದಾಮಿ ಎಲೆ ನೆನೆಸಿದ ಕಂದು ನೀರಿನ ಡಬ್ಬಿಗೆ ಹಾಕಿದರು. ಮೊಟ್ಟೆಗೆ ಬೂಸು ಹಿಡಿಯದಿರಲಿ ಎಂದು ಆ ಎಲೆ. ಪ್ರತಿ ಸಲವೂ ದಪ್ಪ ಮೀನಿಗೆ ಹೇಳುತ್ತಿದ್ದರು: "ಸಿಟ್ಟಾಗಬ್ಯಾಡವಾ, ತಿರುಗಿ ಕೊಡ್ತೀನಿ."

ಮುಂದಿನ ವಾರ ಒಂದು ಬೆಳಿಗ್ಗೆ ಡಬ್ಬಿಯ ತಳದಲ್ಲಿ ಬಾಲವುಳ್ಳ ಸಾಸಿವೆಕಾಳುಗಳು ಮಿಸುಕಾಡುತ್ತಿದ್ದವು. ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಅಂಗಡಿಗೆ ಓಡಿ ಪೇಢೆ, ಬರ್ಫಿ ಎರಡನ್ನೂ ತಂದರು. ಪುಣೆಯಲ್ಲಿ ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ. ಮೆಟ್ಟಿಲಲ್ಲಿ ಕಾವಲುಗಾರ ಕೇಳಿದ: "ಕಾಯ್ ಕಾಕೂ, ಮುಲ್ಗಾ ಕೀ ಮುಲ್ಗೀ?"

"ಅಜೂನ್ ಕಳ್ಳಂ ನಾಹೀ ರೇ! ಇನ್ನಾ ಗೊತ್ತಾಗಿಲ್ಲ, ಎರಡೂ ತಿನ್ನು!"

ಮರಿಗಳಿಗೆ ಮೀಸೆ ಮೂಡುವ ಹೊತ್ತಿಗೆ ಮನೆ ಖಾಲಿ ಮಾಡುವ ದಿನವೂ ಬಂತು. ಮಾತು ಕೊಟ್ಟಂತೆ ಕಾಕು ಮರಿಗಳನ್ನು ತಾಯಿಯ ತೊಟ್ಟಿಗೇ ಬಿಟ್ಟು, ತೊಟ್ಟಿಯನ್ನೇ ನನ್ನ ಹೊಸ ಕೋಣೆಗೆ ಹೊರಿಸಿ ಕಳಿಸಿದರು. "ತಾಯಿ ಮಕ್ಕಳನ್ನ ಅಗಲಿಸಬ್ಯಾಡ," ಎಂದಷ್ಟೇ ಹೇಳಿ, ಕಾತ್ರಜಕ್ಕೆ ಹೋಗುವ ರಿಕ್ಷಾ ಹತ್ತಿದರು. ಸ್ವಾರಗೇಟಿನ ಬಸ್ ನಿಲ್ದಾಣಕ್ಕಿರಬೇಕು ಬಹುಶಃ. ಕಲಬುರಗಿಯ ಬಸ್ಸು ಕಾತ್ರಜದಿಂದ ಯಾಕೆ ಹೊರಡುತ್ತದೆ?

ಹೋದ ವರ್ಷ ಅವರು ತೀರಿಕೊಂಡರು. ತಂಗಿಯ ಮಗ ಫೋನ್ ಮಾಡಿ ತಿಳಿಸಿ, ಅವರ ಮೊಬೈಲಿನಲ್ಲಿದ್ದ ಒಂದು ಚಿತ್ರ ಕಳಿಸಿದ. ಕುಬಸದ ದಿನದ್ದು. ಬಾಗಿಲಲ್ಲಿ ಯಾರೂ ಒರಗಿ ನಿಂತಿಲ್ಲ. ತೊಟ್ಟಿಯ ಮುಂದೆ, ಹೆಂಗಸರ ನಡುವೆ, ಹಣೆಗೆ ಅಗಲವಾಗಿ ಕುಂಕುಮ ಹಚ್ಚಿಸಿಕೊಂಡು ಆರತಿ ತಟ್ಟೆ ಹಿಡಿದಿರುವವನು ನಾನು. ಬಾಯಿ ಇಷ್ಟಗಲ ತೆರೆದಿದೆ. ಹಾಡುತ್ತಿದ್ದೇನೆ. ಯಾವ ಹಾಡು? ನನಗೆ ಕುಬಸದ ಒಂದು ಹಾಡೂ ಬರುವುದಿಲ್ಲ. ಪಕ್ಕದಲ್ಲಿ ಕಾಕು ನನ್ನನ್ನೇ ನೋಡಿ ನಗುತ್ತಿದ್ದಾರೆ. ನನ್ನ ನೆನಪು ಸುಳ್ಳಾದದ್ದಕ್ಕೆ ಇಷ್ಟು ಸಂತೋಷ ಇನ್ನೆಂದೂ ಆಗಿಲ್ಲ.

ಅವರ ಮನೆಯಿದ್ದಲ್ಲಿ ಈಗ ಎತ್ತರದ ಬಹುಮಹಡಿ ಕಟ್ಟಡ. ಆ ನಡುಮನೆ ಯಾವ ಎತ್ತರದಲ್ಲಿತ್ತೆಂದು ರಸ್ತೆಯಲ್ಲಿ ನಿಂತು ನೋಡಿದರೂ ಗುರುತಾಗುವುದಿಲ್ಲ. ನನ್ನ ತೊಟ್ಟಿಗೆ ಆಮೇಲೆ ಅಂಗಡಿಯ ಮೀನುಗಳೂ ಸೇರಿವೆ, ಅವರ ಮನೆಯ ಸಂತತಿ ಯಾವುದೆಂದು ಆಣೆ ಮಾಡಿ ಹೇಳಲಾರೆ.

ನಿನ್ನೆ ಆರಿಸಿ ತಂದ ಎಲೆ ಡಬ್ಬಿಯಲ್ಲಿ ನೆನೆಯುತ್ತಿದೆ. ಇವತ್ತು ಬೆಳಿಗ್ಗೆ ಗಾಜಿನ ಮೇಲೆ ಸಾಬೂದಾನಿ ಕಂಡಿತು. ಕೈಯನ್ನು ಮೊಣಕೈವರೆಗೆ ತೊಳೆದುಕೊಂಡೆ. ಕಲಬುರಗಿಗೆ ಫೋನ್ ಮಾಡಿ ಹೇಳಲು ಈಗ ಕಾಕು ಇಲ್ಲ. ದಪ್ಪ ಮೀನು ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಿತ್ತು.

"ಸಿಟ್ಟಾಗಬ್ಯಾಡವಾ," ಎಂದೆ, ತುಮಕೂರಿನ ನನ್ನ ಬಾಯಿಂದ. "ತಿರುಗಿ ಕೊಡ್ತೀನಿ."