ಒಬ್ಬನೇ ಸಾಕೆನ್ನುವ ಅಷ್ಟಾವಧಾನಿ
ಕಚೇರಿಯಲ್ಲಿ ಪ್ರೋಗ್ರಾಮ್ ಬರೆಯುವವರೆಲ್ಲ ಅವನನ್ನು ಅಷ್ಟಾವಧಾನಿ ಎನ್ನುತ್ತಾರೆ. ಅದು ಹೊಗಳಿಕೆಯೆಂದು ನಂಬಿರುವವನು ಅವನೊಬ್ಬನೇ. ಪರದೆಯ ಮೇಲೆ ಅರ್ಧ ಬರೆದ ಕೋಡ್, ಕಿವಿಯಲ್ಲಿ ಮೀಟಿಂಗ್, ಕೈಯಲ್ಲಿ ಆರಿಹೋದ ಚಹಾ, ಎದುರಿಗೆ ಮೊನ್ನೆ ಕೇಳಿದ ಪ್ರಶ್ನೆಯ ಉತ್ತರಕ್ಕೆ ಕಾಯುತ್ತಾ ನಿಂತ ಸಹೋದ್ಯೋಗಿ. ಒಂದು ಕೆಲಸ ತಡವಾದರೆ ಇನ್ನೊಂದಕ್ಕೆ ಹಾರುತ್ತಾನೆ. ಆ ಭರದಲ್ಲಿ ಹೆಂಡತಿಗೆ ಫೋನಿನಲ್ಲಿ "ನಿಮ್ಮ ದೂರು ದಾಖಲಾಗಿದೆ" ಎಂದದ್ದೂ ಉಂಟು. ಮ್ಯಾನೇಜರ್ ಸಹಾಯಕ್ಕೊಬ್ಬರನ್ನು ಕೊಡುತ್ತೇನೆಂದರೆ ಅವನಿಗೆ ಮೈ ಉರಿಯುತ್ತದೆ. "ಒಬ್ಬನೇ ಅಡುಗೆಯವ ನಾಲ್ಕು ಒಲೆ ನೋಡ್ಕೊಂಡ್ರೆ ಕಾನ್‌ಕರೆನ್ಸಿ. ನಾಲ್ಕು ಒಲೆಗೆ ನಾಲ್ಕು ಜನ ನಿಂತ್ರೆ ಪ್ಯಾರಲೆಲಿಸಂ, ಅದು ದುಡ್ಡಿದ್ದೋರ ಶೋಕಿ. ನಂಗೆ ಯಾರೂ ಬೇಡ" ಎನ್ನುತ್ತಾನೆ, ಅಷ್ಟರಲ್ಲಿ ಯಾವುದೋ ಒಲೆಯ ಮೇಲಿನದು ಸೀದುಹೋಗಿರುತ್ತದೆ. ಸಂಜೆ ಮಾತ್ರ, ಮೀಟಿಂಗ್ ಮುಗಿಯಲಿ ಬಿಡಲಿ, ಎದ್ದು ಹೊರಡುತ್ತಾನೆ. ಮನೆಯಲ್ಲಿ ಕಾಲು ಸ್ವಾಧೀನವಿಲ್ಲದ ಅಪ್ಪನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಬೇಕು. ಮೊದಲು ಭುಜ, ಆಮೇಲೆ ಕಾಲು ಎಂದು ಒಬ್ಬನೇ ಎತ್ತಲು ಹೋಗಿ ಅಪ್ಪನನ್ನು ಒಮ್ಮೆ ಕೆಡವಿದ್ದಾನೆ. ಅಂದಿನಿಂದ, ಇವನ ಜೊತೆ ಮಾತು ಬಿಟ್ಟು ವರ್ಷಗಳಾದ ಅಣ್ಣ ಪಕ್ಕದ ಬೀದಿಯಿಂದ ಬಂದು ಕಾಲಿನ ಕಡೆ ನಿಲ್ಲುತ್ತಾನೆ, ಇವನು ಭುಜದ ಕಡೆ. ಜೇಬಿನಲ್ಲಿ ಫೋನು ಬಡಿದುಕೊಂಡರೂ ಮುಟ್ಟುವುದಿಲ್ಲ. ಅಣ್ಣನ ಮುಖವನ್ನೇ ನೋಡುತ್ತಾನೆ, ಇಬ್ಬರ ಕೈಯೂ ಒಂದೇ ಕ್ಷಣಕ್ಕೆ ಏಳಬೇಕಲ್ಲ. "ಎತ್ತೋಣ್ವಾ?" ಎನ್ನುತ್ತಾನೆ ಅಣ್ಣ. "ಹ್ಞೂ ಅಣ್ಣ" ಎನ್ನುತ್ತಾನೆ ಇವನು. ಅವರ ನಡುವಿನ ಮಾತು ಅಷ್ಟೇ. ಅಣ್ಣ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ, ದಿನವೂ, ಅಪ್ಪನಿಗೆ ಬೆನ್ನು ನೋಯುತ್ತದೆ: "ಕೂರಕ್ಕಾಗ್ತಿಲ್ಲ, ಮತ್ತೆ ಮಲಗಿಸ್ರಪ್ಪ. ಇಬ್ರೂ ಬನ್ನಿ."