ಉತ್ತರದ ಬೆಟ್ಟಗಳಾಚೆಯ ಊರುಗಳು

ಚಿಕ್ಕಂದಿನಿಂದಲೂ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ ನಾನು. ಅದರಲ್ಲೂ ಅಣ್ಣನನ್ನು ನಂಬುವ ಮಾತೇ ಇರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ, ಎಗ್ಮೋರಿನ ನಮ್ಮ ಬಾಡಿಗೆ ಮನೆಯಲ್ಲಿ, ನಾವಿಬ್ಬರೂ ಸೇರಿ ಒಂದು ದೇಶ ಕಟ್ಟಿದ್ದೆವು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿ ಹಿಂಬದಿಯಲ್ಲಿ ಬರೆದ ನಕ್ಷೆ. ನದಿಯ ದಕ್ಷಿಣ ಅವನದು, ಉತ್ತರ ನನ್ನದು. ಅವನ ಊರುಗಳೆಲ್ಲ ಕತ್ತಿಪಟ್ಟಣ, ಗುಂಡುಕೋಟೆ. ನನ್ನ ರಾಜಧಾನಿ ಬೆವರದೂರು. ಮದರಾಸಿನ ಸೆಕೆಯಲ್ಲಿ ಅದಕ್ಕಿಂತ ದೊಡ್ಡ ಮಾಯೆ ನನಗೆ ಹೊಳೆಯಲಿಲ್ಲ. ಹೆಸರಿಟ್ಟವರದೇ ನೆಲ ಎಂಬುದು ನಮ್ಮ ಕಾನೂನು. ಉತ್ತರದ ಬೆಟ್ಟಗಳಾಚೆ ತುಂಬ ಜಾಗ ಖಾಲಿಯಿತ್ತು, ನಿಧಾನವಾಗಿ ಹೆಸರಿಡಲೆಂದು ಉಳಿಸಿಕೊಂಡಿದ್ದೆ.

ಅಣ್ಣ ಅಲ್ಲಿ ಕದ್ದು ಕೈಯಾಡಿಸುತ್ತಾನೆಂಬ ಗುಮಾನಿ ಬಂದದ್ದೇ ತಡ, ನಕ್ಷೆಯನ್ನೂ ಪೆನ್ಸಿಲ್ ತುಂಡನ್ನೂ ಹಿತ್ತಿಲ ಕೋಣೆಯ ಗೂಡಿನಲ್ಲಿ ಬಚ್ಚಿಟ್ಟೆ. ಅಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಕೋಣೆ ಅದು. ಉಳಿದ ದಿನಗಳಲ್ಲೂ ಅಲ್ಲಿ ಕಾಲಿಟ್ಟವರು ಸ್ನಾನ ಮಾಡಲೇಬೇಕು. ಸ್ನಾನವೆಂದರೆ ಮಾರುದೂರ ಓಡುವ ಅಣ್ಣ ಆ ಕಡೆ ತಲೆಹಾಕುವವನಲ್ಲ. ನಾನು ಬೆಳಗಿನ ಸ್ನಾನಕ್ಕೆ ಮುಂಚೆಯೇ ನುಗ್ಗಿ ನೋಡಿ ಬರುತ್ತಿದ್ದೆ.

ಒಂದು ದಿನ ನೋಡಿದರೆ ಬೆಟ್ಟಗಳಾಚೆ ಯಾರೋ ಊರು ಬರೆದಿದ್ದರು. ಯಾರೂ ಕೂಗದೂರು. ಅದರ ಪಕ್ಕ ಮಧ್ಯಾಹ್ನದ ಕೆರೆ. ಮುಂದಿನ ತಿಂಗಳು ಇನ್ನೂ ಮೇಲೆ, ಹಾಳೆಯ ಅಂಚಿನಲ್ಲಿ, ಒಲೆಯಿಲ್ಲದ ದ್ವೀಪ. ನನ್ನ ಮೈ ಉರಿದುಹೋಯಿತು. ಅಣ್ಣನನ್ನು ಹಿಡಿದು ಕೇಳಿದರೆ, "ಸತ್ತಿಯಮಾ ನಾನ್ ಇಲ್ಲೆ," ಸತ್ಯವಾಗಿಯೂ ನಾನಲ್ಲ ಎಂದು ತಮಿಳಿನಲ್ಲಿ ಆಣೆಯಿಟ್ಟ. ಶಾಲೆಗೆ ಸೇರಿದಾಗಿನಿಂದ ಅವನು ಸುಳ್ಳು ಹೇಳುತ್ತಿದ್ದದ್ದು ತಮಿಳಿನಲ್ಲೇ, ಹಾಗಾಗಿ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಕೋಣೆಯ ಹೊಸ್ತಿಲ ಬಳಿ ರಂಗೋಲಿ ಪುಡಿ ಚೆಲ್ಲಿ ಕಾದೆ. ಅಮ್ಮನ ಹೆಜ್ಜೆಗಳಷ್ಟೇ ಮೂಡಿದ್ದವು. ಹೊರಗೆ ಕೂತಾಗ ಹಾಳೆ, ಪುಸ್ತಕ ಮುಟ್ಟಬಾರದೆಂದು ಅಜ್ಜಿಯ ಕಟ್ಟಪ್ಪಣೆಯಿತ್ತು. ಅಮ್ಮ ಅಜ್ಜಿಯ ಮಾತು ಮೀರಿದ್ದನ್ನು ನಾನು ಕಂಡವಳಲ್ಲ, ಅವಳ ಹೆಜ್ಜೆಗಳನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ.

ಕೊನೆಗೆ ಅಪ್ಪನ ಇಂಕು ತಂದು ಆ ಊರುಗಳ ಮೇಲೆಲ್ಲ ಗೀಚಿ, "ಕಳ್ಳರ ನಾಡು, ಇಲ್ಲಿ ಯಾರೂ ಇರಕೂಡದು" ಎಂದು ಬರೆದು ನಕ್ಷೆಯನ್ನು ಅಲ್ಲೇ ಇಟ್ಟೆ. ಆಮೇಲಿನ ತಿಂಗಳು ಹೊಸ ಊರು ಹುಟ್ಟಲಿಲ್ಲ. ಅಣ್ಣ ಹೆದರಿದನೆಂದು ಬೀಗಿದೆ.

ಮುಂದಿನ ಸಲ ಅಮ್ಮ ಹೊರಗೆ ಕೂತಾಗ ನಾನೇ ದೂರದಿಂದ ಅನ್ನ ಬಡಿಸುತ್ತಿದ್ದೆ. ಅಜ್ಜಿ ಒಳಗೆ ಮಲಗಿದ್ದರು. ಅಮ್ಮ ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಅಲ್ಲಿ ಕಳ್ಳರು ಯಾರೂ ಇರ್ಲಿಲ್ಲ ಕಣೇ. ಯಾಕೆ ಹಾಗ್ ಗೀಚಿಬಿಟ್ಟೆ?"

ನಾಚಿಕೆಯಿಂದ ಕುಗ್ಗಿಹೋದೆ. ಓಡಿಹೋಗಿ ಹೊಸ ಹಾಳೆಯೊಂದನ್ನು ತಂದು ಹೊಸ್ತಿಲ ಮೇಲಿಟ್ಟೆ. ಉತ್ತರವೆಲ್ಲ ನಿನ್ನದೇ, ಅಜ್ಜಿಗೆ ಹೇಳುವುದಿಲ್ಲ, ಮತ್ತೆ ಬರೆ ಎಂದು ಗೋಗರೆದೆ. ಅಮ್ಮ ಹಾಳೆಯನ್ನು ಮುಟ್ಟಲಿಲ್ಲ.

"ಬರೆಯೋದು ನಾನು ಅಂತ ನಿನಗೆ ಗೊತ್ತಾಗೋಯ್ತಲ್ಲ," ಎಂದಳು. "ಇನ್ನು ಅದು ದೂರದ ಊರಲ್ಲ."

ಮಜ್ಜಿಗೆ ಹಾಕೆಂದು ತಟ್ಟೆಯನ್ನು ಮುಂದಕ್ಕೆ ಸರಿಸಿದಳು.