ಪೇಟೆ ಬೀದಿಯ ಮಹಡಿ ಮನೆ

ಹುಣಸೂರಿನ ಪೇಟೆ ಬೀದಿಯಲ್ಲಿ ಹಳೆಯ ಮಹಡಿ ಮನೆಯೊಂದು ಮಾರಾಟಕ್ಕಿದೆ ಎಂದು ಕೇಳಿ ನೋಡಲು ಹೋದೆ. ಆಸ್ಪತ್ರೆ, ಅಂಗಡಿ ಎಲ್ಲವೂ ನಾಲ್ಕು ಹೆಜ್ಜೆ. ಹೆರಿಗೆಗೆ ಕರೆದಾಗ ಓಡಬೇಕಾದ ನನ್ನಂಥ ನರ್ಸಿಗೆ ಇನ್ನೇನು ಬೇಕು?

ಮನೆಯೊಡೆಯ ಬಸಪ್ಪನವರು ತೇಗದ ಕಂಬ ಸವರುತ್ತ, "ನಿಮ್ ಯಜಮಾನ್ರು ಬರ್ನಿಲ್ವಾ?" ಎಂದರು.

"ನನಗೆ ಮದುವೆಯಾಗಿಲ್ಲ. ಕೊಳ್ಳೋಳು ನಾನೇ."

"ಒಂಟಿ ಎಂಗಸಿಗೆ ಮಾರುದ್ರೆ ಜನ ಏನಂದಾರು? ಬುಡವ್ವ."

ಅಷ್ಟರಲ್ಲಿ ಅವರ ಸೊಸೆ ಮಗುವನ್ನೆತ್ತಿಕೊಂಡು ಒಳಗಿಂದ ಬಂದಳು. "ಮಾವ, ಇವ್ನು ವಟ್ಟೇಲಿ ಅಡ್ಡ ತಿರುಗಿದ್ದಾಗ ಉಳಿಸ್ಕೊಟ್ಟೋರು ಇವ್ರೇ ಕಣ್ ಮಾವ. ಆವತ್ತು ಇವರ್ಗೆ ಯಾವ ಗಂಡಸ್ರೂ ಬೇಕಾಗ್ನಿಲ್ಲ."

ಬಸಪ್ಪನವರು ಮೊಮ್ಮಗನ ತಲೆ ಸವರಿ, ಮನೆ ಕೊಡಲು ಒಪ್ಪಿದರು.

ಕ್ರಯಪತ್ರ ಬರೆಯುವವನು ಗಂಡನ ಹೆಸರು ಕೇಳಿದ. ನಾನು ಆ ಜಾಗದಲ್ಲಿ ನನ್ನವ್ವನ ಹೆಸರು ಬರೆಸಿದೆ. ಓದು ಬಾರದ ಅವ್ವ ಆ ಪತ್ರವನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು, ಅದೂ ತಲೆಕೆಳಗಾಗಿ ಹಿಡಿದು.